ಐದು ಹೆಸರು, ಏಳು ಹಾಡು: ಬರೆದೋರ್ ಯಾರು, ಪಾಲು ಯಾರಿಗೆ?

ಹೋದ ಸಂಚಿಕೇಲಿ ಇಂಗ್ಲೆಂಡಿನ ಹಾರ್ಡ್ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ‘ಮೆಷೀನ್ ಹೆಡ್’ ಆಲ್ಬಮ್ ಬಗ್ಗೆ ಬರೆಯುವಾಗ, ಏಳೂ ಹಾಡಿಗೆ ಬರೆದೋರು ಅಂತ ಬ್ಯಾಂಡಿನ ಅದೇ ಐದು ಜನರ ಹೆಸರಿದೆ ಅಂತ ಒಂದ್ ಸಾಲು ಹಾಕಿದ್ದೆ, ಅಷ್ಟೇ. ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲಿನ ಮೇಲೇ! ಸೋಲೋ (ಒಬ್ನೇ ಮುಂದೆ ಬಂದು ಬಾರಿಸೋ ಭಾಗ) ಬಗ್ಗೆ ಒಬ್ರೂ ಕೇಳಿಲ್ಲ, ಅಲ್ಲ ಒಬ್ರು ಕೇಳಿದಾರೆ, ಅದು ಕೊನೆಕಡೆ ಬರತ್ತೆ. ಹಂಗಾಗಿ ಈ ಸಲ ಪೂರ್ತಿ ಅಂಕಣ ಪಾಲು-ಪಂಚಾಯ್ತಿಗೇ ಮೀಸಲು.

ಪ್ರಶ್ನೆ: ‘ಮೆಷೀನ್ ಹೆಡ್’ ಕವರ್ ಮೇಲೆ ಪ್ರತಿ ಹಾಡಿಗೂ ಬ್ಲ್ಯಾಕ್‌ಮೋರ್, ಗಿಲ್ಲನ್, ಗ್ಲೋವರ್, ಲಾರ್ಡ್, ಪೇಯ್ಸ್ ಅಂತ ಐದು ಹೆಸರು. ನಿಜವಾಗ್ಲೂ ಐದು ಜನ ಕೂತು ಒಂದೊಂದು ಹಾಡು ಬರೀತಿದ್ರಾ? ಡ್ರಮ್ಮರ್ ಏನ್ ಬರೀತಾನೆ ಸಾರ್?

ಡ್ರಮ್ಮರ್ ಏನ್ ಬರೀತಾನೆ ಅನ್ನೋ ಮಾತನ್ನ ಯಾವ ಡ್ರಮ್ಮರ್ ಎದುರಿಗೂ ಆಡ್ಬೇಡಿ, ಅವರ ಕೈಯಲ್ಲಿ ಯಾವಾಗ್ಲೂ ಎರಡು ಕೋಲಿರತ್ತೆ.

ಐದು ಜನ ಸಾಲಾಗಿ ಕೂತು ಪೆನ್ನು ಹಿಡ್ಕೊಂಡು ಬರೀತಿರ್ಲಿಲ್ಲ ಅನ್ನೋದು ನಿಜ. ‘ಸ್ಮೋಕ್ ಆನ್ ದ ವಾಟರ್’ನೇ ತಗೊಳ್ಳಿ. 1971ರ ಡಿಸೆಂಬರ್ 4ಕ್ಕೆ ಸ್ವಿಟ್ಜರ್ಲೆಂಡ್‌ನ ಮೊಂಟ್ರೋದಲ್ಲಿ ಫ್ರ್ಯಾಂಕ್ ಝಾಪಾ ಕಛೇರಿ ನಡೀತಿದ್ದಾಗ ಯಾರೋ ಪುಣ್ಯಾತ್ಮ ಫ್ಲೇರ್ ಗನ್ ಹಾರಿಸಿ ಕ್ಯಾಸಿನೋನೇ ಸುಟ್ಟುಹೋಯ್ತು. ಅದೇ ಕ್ಯಾಸಿನೋದಲ್ಲಿ ಇವರು ಆಲ್ಬಮ್ ರೆಕಾರ್ಡ್ ಮಾಡ್ಬೇಕಿತ್ತು, ರೋಲಿಂಗ್ ಸ್ಟೋನ್ಸ್‌ನವರ ರೆಕಾರ್ಡಿಂಗ್ ಲಾರಿ ಬೇರೆ ಬಾಡಿಗೆಗೆ ತಂದಿಟ್ಕೊಂಡಿದ್ರು. ಆಮೇಲೆ ಪೆವಿಲಿಯನ್ ಅನ್ನೋ ಥಿಯೇಟರಿಗೆ ಹೋಗಿ ಒಂದು ಟ್ರ್ಯಾಕ್ ಹಿಡಿಯೋಷ್ಟರಲ್ಲಿ ಗಲಾಟೆ ಜಾಸ್ತಿ ಆಯ್ತು ಅಂತ ಪೊಲೀಸ್ನೋರು ಬಂದ್ರು, ಆ ಒಂದೇ ಟ್ರ್ಯಾಕೇ ಮುಂದೆ ‘ಸ್ಮೋಕ್’ ಆಗಿದ್ದು, ಉಳಿದಿದ್ದೆಲ್ಲ ಸೀಸನ್ ಮುಗಿದು ಖಾಲಿ ಬಿದ್ದಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಲ್ಲಿ ಆಯ್ತು.

ಈಗ ಲೆಕ್ಕ ಹಾಕಿ. ಆ ಹಾಡಿನ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಆ ಗಿಟಾರ್ ತುಣುಕು, ಗಿಟಾರಿಸ್ಟ್ ಬ್ಲ್ಯಾಕ್‌ಮೋರ್‌ದು, ಅದ್ರಲ್ಲಿ ಅನುಮಾನ ಇಲ್ಲ. ಬೆಂಕಿ ಆದ ಕೆಲವು ದಿನಕ್ಕೆ ನಿದ್ದೆಯಿಂದ ಎದ್ದಾಗ ‘ಸ್ಮೋಕ್ ಆನ್ ದ ವಾಟರ್’ ಅನ್ನೋ ಮಾತು ಬಾಯಿಗೆ ಬಂದಿದ್ದು ಬೇಸ್ ಬಾರಿಸೋ ರೋಜರ್ ಗ್ಲೋವರ್‌ಗೆ. ಹಾಡೋ ಗಿಲ್ಲನ್‌ಗೆ ಹೇಳಿದ್ರೆ, ಇದೇನೋ ಮಾದಕ ವಸ್ತುವಿನ ಹಾಡಿನ ಥರ ಕೇಳತ್ತಪ್ಪ ಅಂದ್ನಂತೆ, ಆದ್ರೂ ಆಮೇಲೆ ನಡೆದಿದ್ದನ್ನ ನಡೆದಹಾಗೇ ಸಾಹಿತ್ಯ ಮಾಡಿ ಹಾಡಿದ್ದು ಅವನೇ. ಜಾನ್ ಲಾರ್ಡ್ ಆರ್ಗನ್ ಆ ರಿಫ್‌ಗೆ ಮೈ ತುಂಬಿಸ್ತು, ಡ್ರಮ್ಮರ್ ಪೇಯ್ಸ್ ಮೊದ್ಲು ಬರೀ ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ತಟ್ಟಿ ಆಮೇಲೆ ನಿಧಾನಕ್ಕೆ ಒಳಗೆ ಬರ್ತಾನಲ್ಲ, ಅದಿಲ್ದೆ ಆ ಹಾಡಿನ ಶುರು ನೆನಪು ಮಾಡ್ಕೊಳ್ಳಿ ನೋಡೋಣ. ‘ಹೈವೇ ಸ್ಟಾರ್’ ಕತೆ ಇನ್ನೂ ಮಜಾ ಇದೆ. 1971ರಲ್ಲಿ ಪೋರ್ಟ್ಸ್‌ಮತ್‌ಗೆ ಕಾರ್ಯಕ್ರಮಕ್ಕೆ ಬಸ್ಸಲ್ಲಿ ಹೋಗ್ತಿದ್ದಾಗ ಪತ್ರಕರ್ತನೊಬ್ಬ ನೀವು ಹಾಡು ಹೆಂಗ್ ಬರೀತೀರಿ ಅಂತ ಕೇಳಿದ, ಬ್ಲ್ಯಾಕ್‌ಮೋರ್ ‘ಹಿಂಗೆ’ ಅನ್ನೋ ಹಂಗೆ ಗಿಟಾರ್ ಎತ್ಕೊಂಡು ಒಂದೇ ಸಮ ಬಡಿಯೋಕೆ ಶುರು ಮಾಡಿದ, ಗಿಲ್ಲನ್ ಬಾಯಿಗೆ ಬಂದಿದ್ದು ಹಾಡಿದ, ಅವತ್ತು ರಾತ್ರೀನೇ ಸ್ಟೇಜ್ ಮೇಲೆ ಬಾರಿಸಿಬಿಟ್ರು. ಹಂಗಿದ್ರೂ ಅದಕ್ಕೂ ಐದು ಹೆಸರು. ‘ಮೇಬಿ ಐಮ್ ಎ ಲಿಯೋ’ದ ರಿಫ್ ಗ್ಲೋವರ್‌ದು, ಅದಕ್ಕೂ ಐದೇ.

ಅಂದ್ರೆ ಅಲ್ಲಿರೋ ಐದು ಹೆಸರು ‘ಯಾರು ಏನು ಬರೆದ್ರು’ ಅನ್ನೋದರ ದಾಖಲೆ ಅಲ್ಲ. ಯಾರು ಏನೇ ತಂದ್ರೂ ಸಮಪಾಲು ಅನ್ನೋ ಒಪ್ಪಂದ ಅದು. 1970ರ ‘ಇನ್ ರಾಕ್’ ಆಲ್ಬಮ್‌ನಿಂದಾನೂ ಈ ಐದು ಜನ ಹಂಗೇ ನಡ್ಕೊಂಡು ಬಂದಿದ್ರು.

ಪ್ರಶ್ನೆ: ಹೆಸರಿದ್ರೆ ಏನು ಬಿಟ್ರೆ ಏನು, ರೆಕಾರ್ಡ್ ಮಾರಿ ಬಂದ ದುಡ್ಡು ಹೆಂಗೂ ಬ್ಯಾಂಡಿಗೆ ಹೋಗತ್ತಲ್ವಾ? ಯಾಕಿಷ್ಟು ಜಗಳ?

ಇಲ್ಲೇ ಎಲ್ರೂ ಎಡವೋದು. ಒಂದು ರೆಕಾರ್ಡಲ್ಲಿ ಎರಡು ಆಸ್ತಿ ಇರತ್ತೆ. ಒಂದು ಹಾಡು, ಅಂದ್ರೆ ಟ್ಯೂನು ಮತ್ತೆ ಸಾಹಿತ್ಯ. ಇನ್ನೊಂದು ಅದನ್ನ ಬಾರಿಸಿ ಹಾಡಿ ಹಿಡಿದ ಧ್ವನಿಮುದ್ರಣ. ಬಾರಿಸಿದ್ದಕ್ಕೆ ಸಿಗೋ ರಾಯಲ್ಟಿ ರೆಕಾರ್ಡ್ ಕಂಪನಿ ಕಡೆಯಿಂದ ಬರ್ಬೇಕು, ಅದ್ರಲ್ಲಿ ಅವರು ಕೊಟ್ಟ ಮುಂಗಡ, ಸ್ಟುಡಿಯೋ ಖರ್ಚು ಎಲ್ಲಾ ಮೊದ್ಲು ಕಳೀತಾರೆ, ಕಳೆದೂ ಕಳೆದೂ ಕೊನೆಗೆ ಕೈಗೆ ಚಿಪ್ಪು ಬಂದೋರೇ ಜಾಸ್ತಿ. ಬರೆದೋನ ದುಡ್ಡು ಬೇರೆ ದಾರೀಲಿ ಬರತ್ತೆ, ಹಾಡಿನ ಹಕ್ಕು ನೋಡ್ಕೊಳ್ಳೋ ಪಬ್ಲಿಷರ್ ಮೂಲಕ, ಸಾಮಾನ್ಯವಾಗಿ ಈ ಕಳೆಯೋ ಲೆಕ್ಕ ಅಲ್ಲಿಗೆ ತಗಲಲ್ಲ.

ಒಂದು ಉದಾಹರಣೆ. ಅಮೆರಿಕದಲ್ಲಿ 1909ರ ಕಾನೂನು ಪ್ರಕಾರ ಒಂದು ಪ್ರತಿ ಮಾರಿದ್ರೆ ಒಂದು ಹಾಡಿಗೆ 2 ಸೆಂಟ್, ಈ ದರ 1977ರ ಕೊನೆವರೆಗೂ ಒಂಚೂರೂ ಅಲ್ಲಾಡ್ಲಿಲ್ಲ. ‘ಮೆಷೀನ್ ಹೆಡ್’ ಬಂದಿದ್ದು 1972ರಲ್ಲಿ, ಏಳು ಹಾಡು, ಅಂದ್ರೆ ಪೂರ್ತಿ ದರ ಸಿಕ್ರೆ ಒಂದು ಎಲ್‌ಪಿಗೆ 14 ಸೆಂಟ್. ಪಬ್ಲಿಷರ್ ಅರ್ಧ ಇಟ್ಕೊಂಡ ಅಂತ ಅನ್ಕೊಳ್ಳಿ, ಉಳಿದಿದ್ದು 7. ಐದು ಜನಕ್ಕೆ ಹಂಚಿದ್ರೆ ತಲೆಗೆ 1.4 ಸೆಂಟ್. ಅದೇ ಗಿಟಾರಿಸ್ಟು, ಹಾಡೋನು ಇಬ್ಬರದೇ ಹೆಸರಿದ್ದಿದ್ರೆ ತಲೆಗೆ ಮೂರೂವರೆ, ಮಿಕ್ಕ ಮೂರು ಜನಕ್ಕೆ ಸೊನ್ನೆ. ನೋಡೋಕೆ ಚಿಲ್ಲರೆ, ಲಕ್ಷಗಟ್ಟಲೆ ಪ್ರತಿ ಮಾರಿದಾಗ ಗುಣಿಸಿ ನೋಡಿ.

ಇದು ಬರೀ ಡಿಸ್ಕಿನ ಲೆಕ್ಕ. ರೇಡಿಯೋ ಬೇರೆ ಇದೆ. ಅಮೆರಿಕದ ಎಎಂ, ಎಫ್‌ಎಂ ಸ್ಟೇಷನ್‌ಗಳು ಹಾಡು ಹಾಕಿದ್ರೆ ಬರೆದೋನಿಗೆ, ಪಬ್ಲಿಷರ್‌ಗೆ ದುಡ್ಡು ಹೋಗತ್ತೆ, ಬಾರಿಸಿದೋನಿಗೆ ಏನೂ ಇಲ್ಲ, ಈಗ್ಲೂ ಅಲ್ಲಿಯ ನಿಯಮ ಹಂಗೇ ಇದೆ. ‘ಸ್ಮೋಕ್’ 1973ರಲ್ಲಿ ಅಲ್ಲಿ ಸಿಂಗಲ್ ಆಗಿ ಬಿಲ್‌ಬೋರ್ಡ್ ಪಟ್ಟೀಲಿ 4ನೇ ಸ್ಥಾನಕ್ಕೆ ಹೋಯ್ತು, ಇವತ್ತಿಗೂ ರೇಡಿಯೋದಲ್ಲಿ ಬರ್ತಾನೇ ಇರತ್ತೆ. ಆ ಐದು ಹೆಸರಿನ ಒಪ್ಪಂದ ಇರ್ಲಿಲ್ಲ ಅಂದಿದ್ರೆ ಅಷ್ಟು ಸಲ ಬಂದಿದ್ರಲ್ಲೂ ಪೇಯ್ಸ್‌ಗೆ ಒಂದ್ ಪೈಸೆನೂ ಇಲ್ಲ. (ಕ್ಷಮಿಸಿ, ತಡಕೊಳ್ಳೋಕ್ ಆಗ್ಲಿಲ್ಲ.)

ಪ್ರಶ್ನೆ: ಬೇರೆ ಬ್ಯಾಂಡ್‌ಗಳೂ ಹಿಂಗೇ ಹಂಚ್ಕೊಂಡಿದಾರಾ?

ಕೆಲವ್ರು. ಬ್ಲ್ಯಾಕ್ ಸಬಾತ್‌ನ ‘ಪ್ಯಾರನಾಯ್ಡ್’ನಲ್ಲಿ ನಾಲ್ಕೂ ಜನರ ಹೆಸರಿದೆ, ಸಾಹಿತ್ಯ ಬಹುಪಾಲು ಬೇಸ್ ಬಾರಿಸೋ ಗೀಝರ್ ಬಟ್ಲರ್‌ದು, ಆದ್ರೂ ಪಾಲು ನಾಲ್ಕು. ಎಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’ (1980) ಉಲ್ಟಾ, ಹತ್ತೂ ಹಾಡಿಗೆ ಯಂಗ್ ಅಣ್ತಮ್ಮಂದಿರು ಮತ್ತೆ ಬ್ರಯನ್ ಜಾನ್ಸನ್, ಮೂರೇ ಹೆಸರು. ಆ ಆಲ್ಬಮ್ಮಿನ ಜೀವನೇ ಫಿಲ್ ರಡ್‌ನ ಡ್ರಮ್ ಮತ್ತೆ ಕ್ಲಿಫ್ ವಿಲಿಯಮ್ಸ್‌ನ ಬೇಸ್ ಅಂತ ನಾನು ಯಾರ್ ಜೊತೆ ಬೇಕಾದ್ರೂ ವಾದ ಮಾಡೋಕೆ ತಯಾರು, ಆದ್ರೆ ಕ್ರೆಡಿಟ್ ಸಾಲಲ್ಲಿ ಇಬ್ರೂ ಇಲ್ಲ. ಗನ್ಸ್ ಎನ್ ರೋಸಸ್ ‘ಅಪೆಟೈಟ್ ಫಾರ್ ಡಿಸ್ಟ್ರಕ್ಷನ್’ಗೆ (1987) ಬ್ಯಾಂಡಿನ ಹೆಸರನ್ನೇ ಹಾಕಿದ್ರು, ‘ಇಟ್ಸ್ ಸೋ ಈಝಿ’ಗೆ ವೆಸ್ಟ್ ಆರ್ಕೀನ್, ‘ಎನಿಥಿಂಗ್ ಗೋಸ್’ಗೆ ಕ್ರಿಸ್ ವೆಬರ್ ಅಂತ ಹೊರಗಿನೋರ ಹೆಸರೂ ಮರೀದೆ ಸೇರಿಸಿದಾರೆ.

ಪ್ರಶ್ನೆ: ನನ್ನತ್ರ ಇರೋ ಡೀಪ್ ಪರ್ಪಲ್‌ನ ಹಳೇ ‘ಬರ್ನ್’ ಎಲ್‌ಪಿಯಲ್ಲಿ ಗ್ಲೆನ್ ಹ್ಯೂಸ್ ಹೆಸರು ಕ್ರೆಡಿಟ್‌ನಲ್ಲಿ ಇಲ್ಲ, ಫ್ರೆಂಡ್ ಹತ್ರ ಇರೋ ಹೊಸ ಸಿಡಿಯಲ್ಲಿ ಇದೆ. ಪ್ರಿಂಟ್ ಮಿಸ್ಟೇಕಾ?

ಮಿಸ್ಟೇಕ್ ಅಲ್ಲ ಮಾರಾಯ್ರೇ, ಎರಡೂ ಸರಿ. ಗಿಲ್ಲನ್, ಗ್ಲೋವರ್ ಬಿಟ್ಟುಹೋದ್ಮೇಲೆ ಡೇವಿಡ್ ಕವರ್‌ಡೇಲ್ ಹಾಡೋಕೆ, ಗ್ಲೆನ್ ಹ್ಯೂಸ್ ಬೇಸ್ ಬಾರಿಸೋಕೆ ಮತ್ತೆ ಹಾಡೋಕೆ ಬಂದ್ರು, 1974ರಲ್ಲಿ ‘ಬರ್ನ್’ ಬಂತು. ಆದ್ರೆ ಹ್ಯೂಸ್‌ಗೆ ಆಗ ಬೇರೆ ಕಡೆ ಕರಾರು ಬಾಕಿ ಇತ್ತು, ಅವನು ಬರೆದಿದ್ದು ಇನ್ನೊಬ್ಬರ ಪಾಲಿಗೆ ಸೇರೋ ಸ್ಥಿತಿ, ಹಂಗಾಗಿ ಹೆಸರೇ ಹಾಕ್ಲಿಲ್ಲ. ಮೂವತ್ತು ವರ್ಷದ ನೆನಪಿಗೆ ತಂದ ಮರುಬಿಡುಗಡೇಲಿ ಅವನ ಹೆಸರು ಸೇರ್ತು, ನಿಮ್ಮ ಫ್ರೆಂಡ್ ಹತ್ರ ಇರೋದು ಅದೇ ಲೆಕ್ಕದ್ದಿರ್ಬೇಕು.

ಇದೇ ಕತೆ ಲೆಡ್ ಝೆಪ್ಪೆಲಿನ್‌ದೂ. 1969ರ ಮೊದಲ ಆಲ್ಬಮ್ಮಲ್ಲಿ ಹಾಡೋ ರಾಬರ್ಟ್ ಪ್ಲಾಂಟ್ ಹೆಸರು ಒಂದು ಹಾಡಿನ ಬರಹಗಾರನಾಗಿಯೂ ಇಲ್ಲ, ಯಾಕಂದ್ರೆ ಅವನು ಮುಂಚೆ ಸಿಬಿಎಸ್ ರೆಕಾರ್ಡ್ ಕಂಪನಿ ಜೊತೆ ಮಾಡ್ಕೊಂಡಿದ್ದ ಒಪ್ಪಂದ ಇನ್ನೂ ಮುಗಿದಿರ್ಲಿಲ್ಲ. ಕವರ್ ಓದಿ ‘ಮೊದಲ ಆಲ್ಬಮ್‌ಗೆ ಪ್ಲಾಂಟ್ ಏನೂ ಕೊಟ್ಟಿಲ್ಲ’ ಅಂತ ಬರ್ಯೋರು ಈಗ್ಲೂ ಸಿಗ್ತಾರೆ.

ಪ್ರಶ್ನೆ: ಡೀಪ್ ಪರ್ಪಲ್‌ನ 1984ರ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ನಲ್ಲಿ ‘ಮೆಷೀನ್ ಹೆಡ್’ನ ಅದೇ ಐದು ಜನ ವಾಪಸ್ ಸೇರಿದ್ರು, ಆದ್ರೆ ಬಹುತೇಕ ಹಾಡಿಗೆ ಮೂರೇ ಹೆಸರು. ಲಾರ್ಡ್ ಮತ್ತೆ ಪೇಯ್ಸ್ ಸುಮ್ನೆ ಕೂತಿದ್ರಾ?

ಒಳ್ಳೇ ಕಣ್ಣು ನಿಮ್ದು. ಬ್ಲ್ಯಾಕ್‌ಮೋರ್, ಗಿಲ್ಲನ್, ಗ್ಲೋವರ್ ಅಷ್ಟೇ ಇರೋದು, ‘ನೋಬಡೀಸ್ ಹೋಮ್’ ಒಂದಕ್ಕೆ ಮಾತ್ರ ಐದೂ ಹೆಸರು. ಈಗ ಆ ಆಲ್ಬಮ್ಮಿನ ಟೈಟಲ್ ಹಾಡು ಹಾಕಿ ಕೇಳಿ, ಮೊದಲ ಕ್ಷಣದಲ್ಲೇ ಎದೆ ಮೇಲೆ ಬಂದು ಕೂರೋದು ಲಾರ್ಡ್‌ನ ಆರ್ಗನ್ನು. ಆ ಆರ್ಗನ್ ತೆಗೆದ್ರೆ ಉಳಿಯೋದೇನು ಅಂತ ನಾನೂ ಎಷ್ಟೋ ಸಲ ಯೋಚನೆ ಮಾಡಿದೀನಿ.

ಹಂಗಾದ್ರೆ 1972ರಲ್ಲಿ ಪೇಯ್ಸ್ ‘ಬರೆದಿದ್ದ’, 1984ರಲ್ಲಿ ‘ಬರೀಲಿಲ್ಲ’ ಅನ್ನೋಕಾಗತ್ತಾ? ಅದೇ ಕೈ, ಅದೇ ಡ್ರಮ್ಮು. ಬದಲಾಗಿದ್ದು ಹೆಸರು ಹಾಕೋ ರೀತಿ. ಮೊದಲ ಪ್ರಶ್ನೆ ಕೇಳಿದೋರು ಈ ಎರಡು ಕವರ್‌ನ ಪಕ್ಕಪಕ್ಕ ಇಟ್ಟು ನೋಡಿದ್ರೆ ನನ್ನ ಉತ್ತರ ಓದೋದೇ ಬೇಕಾಗಿರ್ಲಿಲ್ಲ. ನನ್ ಪ್ರಕಾರ ಎರಡನೇದು ಲೆಕ್ಕಕ್ಕೆ ಹತ್ರ ಇರಬಹುದು, ಆದ್ರೆ ಬ್ಯಾಂಡ್ ಅನ್ನೋದಕ್ಕೆ ಹತ್ರ ಇರೋದು ಮೊದಲನೇದೇ. ಒಪ್ಪದೇ ಇರೋರು ಬರೀರಿ, ಜಗಳ ಆಡೋಣ.

ಪ್ರಶ್ನೆ: ಸಿಂಗಲ್ ಡಿಸ್ಕಿನ ಹಿಂದಿನ ಮುಖದ, ಅಂದ್ರೆ ಬಿ-ಸೈಡ್ ಹಾಡು ಬರೆದೋನಿಗೂ ಅಷ್ಟೇ ದುಡ್ಡಾ?

ಸಿಂಗಲ್ ಮಾರಾಟದ ಮಟ್ಟಿಗೆ ಹೌದು, ಅಷ್ಟೇ. ಡಿಸ್ಕ್ ಕೊಂಡ್ರೆ ಎರಡೂ ಮುಖ ಕೊಂಡಂಗೆ ಅಲ್ವಾ. 1975ರಲ್ಲಿ ಕ್ವೀನ್‌ನ ‘ಬೊಹೀಮಿಯನ್ ರಾಪ್ಸೊಡಿ’ ಹಿಂದುಗಡೆ ಇದ್ದಿದ್ದು ಡ್ರಮ್ಮರ್ ರೋಜರ್ ಟೇಲರ್ ಬರೆದ ಕಾರಿನ ಹಾಡು, ಮುಂದುಗಡೆ ಹಾಡು ಬರೆದ ಫ್ರೆಡ್ಡಿಗೆ ಎಷ್ಟೋ ಆ ಕಾರಿಗೂ ಅಷ್ಟೇ! ಇದು ಬ್ಯಾಂಡೊಳಗೆ ತುಂಬಾ ದಿನ ಮನಸ್ತಾಪಕ್ಕೆ ಕಾರಣ ಆಗಿತ್ತು. ಕೊನೆಗೆ 1989ರ ‘ದ ಮಿರಾಕಲ್’ನಿಂದ ಅವರೂ ಎಲ್ಲಾ ಹಾಡಿಗೂ ‘ಕ್ವೀನ್’ ಅಂತ ಒಟ್ಟಾಗಿ ಹಾಕೋಕೆ ಶುರು ಮಾಡಿದ್ರು.

ಪ್ರಶ್ನೆ: ಲೆಡ್ ಝೆಪ್ಪೆಲಿನ್ ಹಳೇ ಬ್ಲೂಸ್ ಹಾಡೆಲ್ಲ ಕದ್ದು ತಮ್ಮ ಹೆಸರು ಹಾಕ್ಕೊಂಡ್ರು ಅಂತಾರೆ. ನಿಮ್ಮ ಡೀಪ್ ಪರ್ಪಲ್ ಏನ್ ಸಾಚಾನಾ?

‘ನಿಮ್ಮ’ ಡೀಪ್ ಪರ್ಪಲ್! ಆಯ್ತು, ಒಪ್ಕೋತೀನಿ.

ಮೊದ್ಲು ಝೆಪ್ಪೆಲಿನ್. ಮೊದಲ ಆಲ್ಬಮ್ಮಿನ ‘ಬೇಬ್ ಐಮ್ ಗಾನಾ ಲೀವ್ ಯೂ’ಗೆ ಜಾನಪದ, ಜೋಡಣೆ ಗಿಟಾರಿಸ್ಟ್ ಜಿಮ್ಮಿ ಪೇಜ್ ಅಂತ ಹಾಕಿದ್ರು. ಅವರು ಕೇಳಿದ್ದು ಜೋನ್ ಬಾಯೆಝ್ ಹಾಡಿದ್ದನ್ನ, ಆ ರೆಕಾರ್ಡಲ್ಲೂ ಮೊದ್ಲು ಜಾನಪದ ಅಂತಾನೇ ಇತ್ತು. ಆದ್ರೆ ಅದನ್ನ ಬರೆದಿದ್ದು ಆ್ಯನ್ ಬ್ರೆಡನ್ ಅನ್ನೋ ಹೆಣ್ಣುಮಗಳು, ಝೆಪ್ಪೆಲಿನ್ ತನ್ನ ಹಾಡನ್ನ ಹಾಡಿದೆ ಅಂತ ಆಕೆಗೆ ತಿಳಿದಿದ್ದೇ ಎಂಬತ್ತರ ದಶಕದಲ್ಲಿ. 1990ರಿಂದ ಈಚೆಗೆ ಆಕೆ ಹೆಸರಿದೆ. ಇದನ್ನ ಕಳ್ಳತನ ಅನ್ನೋಕೆ ನಂಗೆ ಮನಸ್ಸು ಬರಲ್ಲ, ಅಸಡ್ಡೆ ಅನ್ನಬಹುದು. ‘ಹೋಲ್ ಲಾಟಾ ಲವ್’ ಬೇರೆ ವಿಷ್ಯ, ಅದ್ರ ಸಾಲುಗಳು ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ ಹಾಡಿಗೆ ತೀರಾ ಹತ್ರ. ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದ್ರು, 1987ರಲ್ಲಿ ರಾಜಿ ಆಯ್ತು, ಹೆಸರೂ ಸೇರ್ತು. ‘ಡೇಝ್ಡ್ ಆ್ಯಂಡ್ ಕನ್ಫ್ಯೂಸ್ಡ್’ ಅಂತೂ ಜೇಕ್ ಹೋಮ್ಸ್ 1967ರಲ್ಲೇ ಅದೇ ಹೆಸರಲ್ಲಿ ರೆಕಾರ್ಡ್ ಮಾಡಿದ್ದ ಹಾಡು, ಅವನು ಕೇಸ್ ಹಾಕಿದ್ದು 2010ರಲ್ಲಿ, ಈಗ ‘ಪೇಜ್, ಜೇಕ್ ಹೋಮ್ಸ್ ಪ್ರೇರಣೆ’ ಅಂತ ಬರತ್ತೆ. ಪ್ರೇರಣೆ ಅಂತೆ! ಟೈಟಲ್ಲೇ ಅದು ಸ್ವಾಮಿ.

ಆದ್ರೆ ನಾಲ್ಕನೇ ಆಲ್ಬಮ್ಮಿನ (1971) ‘ವೆನ್ ದ ಲೆವಿ ಬ್ರೇಕ್ಸ್’ಗೆ ನಾಲ್ಕು ಜನರ ಜೊತೆ ಮೆಂಫಿಸ್ ಮಿನ್ನಿ ಹೆಸರು ಅವರೇ ಹಾಕಿದ್ರು. 1927ರ ಮಿಸಿಸಿಪ್ಪಿ ಪ್ರವಾಹದ ಬಗ್ಗೆ ಮಿನ್ನಿ ಮತ್ತೆ ಆಕೆ ಗಂಡ ಕಾನ್ಸಸ್ ಜೋ ಮೆಕಾಯ್ 1929ರಲ್ಲಿ ಹಾಡಿದ್ದ ಹಾಡದು. ಅಂದ್ರೆ ಹೆಸರು ಹಾಕೋದು ಹೆಂಗೆ ಅಂತ ಗೊತ್ತಿರ್ಲಿಲ್ಲ ಅಂತೇನಿಲ್ಲ. ಅದೇ ಆಲ್ಬಮ್ಮಲ್ಲಿ ರಿಫ್ ತಂದಿದ್ದಕ್ಕೆ ‘ಬ್ಲ್ಯಾಕ್ ಡಾಗ್’ಗೆ ಬೇಸ್ ಬಾರಿಸೋ ಜಾನ್ ಪಾಲ್ ಜೋನ್ಸ್ ಹೆಸರು ಸೇರಿದೆ, ಆಟ ಆಡ್ತಾ ಹುಟ್ಟಿದ ‘ರಾಕ್ ಆ್ಯಂಡ್ ರೋಲ್’ಗೆ ನಾಲ್ಕೂ ಜನ ಇದಾರೆ. ಪರ್ಪಲ್‌ನವರ ಥರ ಒಂದೇ ಅಳತೆ ಅಲ್ಲ ಇವರ್ದು, ಹಾಡಿಂದ ಹಾಡಿಗೆ ಲೆಕ್ಕ.

ಈಗ ನಮ್ಮೋರ ವಿಷ್ಯ. ‘ಚೈಲ್ಡ್ ಇನ್ ಟೈಮ್’ನ ಆ ಆರ್ಗನ್ ಎಳೆ ಇಟ್ಸ್ ಎ ಬ್ಯೂಟಿಫುಲ್ ಡೇ ಅನ್ನೋ ಅಮೆರಿಕನ್ ಬ್ಯಾಂಡ್‌ನ ‘ಬಾಂಬೆ ಕಾಲಿಂಗ್’ನಿಂದ ಬಂದಿದ್ದು, ಗಿಲ್ಲನ್ ಇದನ್ನ ಮುಚ್ಚಿಟ್ಟೋನೇ ಅಲ್ಲ. ಕವರ್ ಮೇಲೆ ಮಾತ್ರ ಐದೇ ಹೆಸರು. ಆ ಬ್ಯಾಂಡು ತಿರುಗಿಸಿ ಪರ್ಪಲ್‌ನ ‘ರಿಂಗ್ ದಟ್ ನೆಕ್’ ಎತ್ಕೊಂಡು ತಮ್ಮದೊಂದು ಹಾಡು ಮಾಡ್ಕೊಂಡ್ರು, ನೀನೂ ತಿಂದೆ ನಾನೂ ತಿಂದೆ, ಚುಕ್ತಾ. ‘ಬ್ಲ್ಯಾಕ್ ನೈಟ್’ ರಿಫ್ ರಿಕಿ ನೆಲ್ಸನ್ 1962ರಲ್ಲಿ ಹಾಡಿದ ‘ಸಮ್ಮರ್‌ಟೈಮ್’ನಿಂದ ಎತ್ತಿದ್ದು ಅಂತ ಬ್ಲ್ಯಾಕ್‌ಮೋರೇ ಹೇಳಿದಾನೆ. ಸಾಚಾ ಅಂತೂ ಅಲ್ಲ.

ಪ್ರಶ್ನೆ: ‘ಹೈವೇ ಸ್ಟಾರ್’ನ ಗಿಟಾರ್ ಸೋಲೋ, ಆರ್ಗನ್ ಸೋಲೋ ಇಲ್ದೆ ಆ ಹಾಡೇ ಇಲ್ಲ. ಸೋಲೋ ಬರೆದಿದ್ದಕ್ಕೆ ಹಕ್ಕು ಬರಲ್ವಾ?

ಇದೇ ಆ ಒಬ್ರು! ಬರಬಹುದು, ಬರದೇನೂ ಇರಬಹುದು. ಪ್ರೋಕೋಲ್ ಹಾರಮ್‌ನ ‘ಎ ವೈಟರ್ ಶೇಡ್ ಆಫ್ ಪೇಲ್’ (1967) ಹಾರ್ಡ್ ರಾಕ್ ಅಲ್ಲ, ಆದ್ರೂ ಇದಕ್ಕೆ ಅದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. ಕ್ರೆಡಿಟ್ ಇದ್ದಿದ್ದು ಗ್ಯಾರಿ ಬ್ರೂಕರ್ ಮತ್ತೆ ಸಾಹಿತ್ಯ ಬರೆದ ಕೀತ್ ರೀಡ್‌ಗೆ. ಆ ಪ್ರಸಿದ್ಧ ಆರ್ಗನ್ ರಾಗ ಕಟ್ಟಿ ಬಾರಿಸಿದ ಮ್ಯಾಥ್ಯೂ ಫಿಶರ್ 38 ವರ್ಷ ಬಿಟ್ಟು 2005ರಲ್ಲಿ ಕೇಸ್ ಹಾಕಿದ, ಸಂಗೀತದ ಹಕ್ಕಲ್ಲಿ 40 ಪರ್ಸೆಂಟ್ ಅಂತ 2006ರಲ್ಲಿ ಗೆದ್ದ. 2008ರಲ್ಲಿ ಮೇಲಿನ ಕೋರ್ಟು ಹೆಸರು ಇಟ್ಕೋ ಆದ್ರೆ ಇಷ್ಟು ತಡ ಮಾಡಿದ್ದಕ್ಕೆ ದುಡ್ಡಿಲ್ಲ ಅಂತು, 2009ರಲ್ಲಿ ಆಗ ಬ್ರಿಟನ್ನಿನ ಕಟ್ಟಕಡೇ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ದುಡ್ಡೂ ಕೊಡಿ ಅಂತು, ಆದ್ರೆ ಹಳೇದೇನೂ ಇಲ್ಲ, ಕ್ಲೇಮ್ ಮಾಡಿದಾಗಿಂದ ಮುಂದಕ್ಕೆ. 38 ವರ್ಷದ್ದು ಹೋದಂಗೇ.

ಅಮೆರಿಕದಲ್ಲಿ ಇನ್ನೊಂದು ಕೊಕ್ಕೆ ಇದೆ. ಝೆಪ್ಪೆಲಿನ್‌ನ ‘ಸ್ಟೇರ್‌ವೇ ಟು ಹೆವನ್’ ಸ್ಪಿರಿಟ್ ಬ್ಯಾಂಡ್‌ನ ‘ಟಾರಸ್’ ಹಾಡಿಂದ ಎತ್ತಿದ್ದು ಅನ್ನೋ ಕೇಸಲ್ಲಿ ಎರಡನ್ನೂ ಹೋಲಿಸಿ ನೋಡ್ಬೇಕಿತ್ತು, ಆದ್ರೆ 1909ರ ಕಾನೂನಲ್ಲಿ ರಕ್ಷಣೆ ಇರೋದು ಕಾಪಿರೈಟ್ ಆಫೀಸಿಗೆ ಕೊಟ್ಟ ಸ್ವರಲಿಪಿ ಹಾಳೆಗೆ ಮಾತ್ರ ಅಂತ ಲೆಕ್ಕ ಹಿಡಿದು, ಸ್ಪಿರಿಟ್‌ನವರ ರೆಕಾರ್ಡಿಂಗ್ ಪಕ್ಕಕ್ಕಿಟ್ಟು ಆ ಹಾಳೇಲಿರೋದನ್ನ ಬೇರೆಯೋರ ಕೈಲಿ ಬಾರಿಸಿ ಜ್ಯೂರಿಗೆ ಕೇಳಿಸಿದ್ರು. 2016ರಲ್ಲಿ ಝೆಪ್ಪೆಲಿನ್ ಗೆಲ್ತು, 2020ರ ಮೇಲ್ಮನವಿ ತೀರ್ಪಲ್ಲೂ ಅದೇ ನಿಲ್ತು. ಹಾಳೆ ಮೇಲೆ ಇಳಿಯದೇ ಇದ್ದಿದ್ದು, ಅಂದ್ರೆ ಕೈಬೆರಳಿನ ಒತ್ತು, ಡ್ರಮ್ಮಿನ ಎಳೆತ, ಆರ್ಗನ್ನಿನ ಕರಕರ ಸದ್ದು, ಇದೆಲ್ಲ ಆ ಕಾನೂನಿಗೆ ಕೇಳಿಸೋದೇ ಇಲ್ಲ. ನಾವು ಹಾರ್ಡ್ ರಾಕ್ ಕೇಳೋದೇ ಅದಕ್ಕೋಸ್ಕರ!

ಪ್ರಶ್ನೆ: ನಾವು ನಾಲ್ಕು ಜನ ಬ್ಯಾಂಡ್ ಮಾಡಿದೀವಿ, ಎರಡು ಸ್ವಂತ ಹಾಡು ಆಗಿದೆ. ಹೆಸರು ಹೆಂಗ್ ಹಾಕೋದು?

ಹೆಂಗಾದ್ರೂ ಹಾಕಿ, ಇವತ್ತೇ ಹಾಕಿ. ಒಂದು ಹಾಳೆ ತಗೊಂಡು ಹಾಡಿನ ಹೆಸರು, ತಾರೀಖು, ಯಾರಿಗೆ ಎಷ್ಟು ಪರ್ಸೆಂಟು, ಒಟ್ಟು 100 ಆಗತ್ತಾ ನೋಡಿ, ನಾಲ್ಕು ಸಹಿ. ಟ್ಯೂನಿಗೂ ಸಾಹಿತ್ಯಕ್ಕೂ ಬೇರೆ ಬೇರೆ ಬರೆದ್ರೆ ಇನ್ನೂ ಒಳ್ಳೇದು. ಬಿಟ್ಟು ಹೋದೋನ ಪಾಲು ಹಳೇ ಹಾಡುಗಳಲ್ಲಿ ಉಳಿಯತ್ತೆ ಅಂತಾನೂ ಈಗ್ಲೇ ಮಾತಾಡ್ಕೊಳ್ಳಿ. ನಾನು ಬೇಸ್ ಬಾರಿಸ್ತಿದ್ದ ಬ್ಯಾಂಡಲ್ಲಿ ಇದನ್ನ ‘ಹಿಟ್ ಆದ್ಮೇಲೆ ನೋಡೋಣ ಬಿಡು’ ಅಂತ ಮುಂದಕ್ಕೆ ಹಾಕಿದ್ವಿ, ಹಿಟ್ ಅಂತೂ ಆಗ್ಲಿಲ್ಲ, ಆದ್ರೂ ಒಂದು ಮಧ್ಯಂತರದ ನಾಲ್ಕು ಸ್ವರ ಯಾರ್ದು ಅಂತ ಎರಡು ವರ್ಷ ಮಾತು ಬಿಟ್ವಿ. ಆ ಸ್ವರ ನಂದೇ, ಅದು ಬೇರೆ ವಿಷ್ಯ.